ಆಂಟಿವೈರಸ್ ತಾನಾಗಿ ಹೊರಗೆ ಕಳುಹಿಸುವುದನ್ನು ತಡೆಯುವ ದಾರಿ ಇದೆಯೇ?

ಕಡತಗಾರ
ಪುತ್ತೂರಿನಲ್ಲಿ ನಮ್ಮದೊಂದು ಸಣ್ಣ ಲೆಕ್ಕಪತ್ರ ಕಚೇರಿ ಇದೆ. ಆರು ಕಂಪ್ಯೂಟರುಗಳಲ್ಲೂ ಹಣ ಕೊಟ್ಟು ಹಾಕಿಸಿದ ಒಂದೇ ಆಂಟಿವೈರಸ್ ಇದೆ. ಯಾವ ಕಂಪನಿಯದೆಂದು ಇಲ್ಲಿ ಬರೆಯುವುದಿಲ್ಲ. ಕಳೆದ ಭಾನುವಾರ ಬೆಳಿಗ್ಗೆ ರೂಟರಿನ ಲೆಕ್ಕ ತೆರೆದು ನೋಡಿದಾಗ, ಹಿಂದಿನ ರಾತ್ರಿ ಹನ್ನೊಂದರಿಂದ ಬೆಳಗಿನ ಜಾವ ನಾಲ್ಕರವರೆಗೆ, ಅಂದರೆ ಕಚೇರಿಗೆ ಬೀಗ ಬಿದ್ದಿದ್ದ ಹೊತ್ತಿನಲ್ಲಿ, ಮೂಲೆಯ ಒಂದು ಕಂಪ್ಯೂಟರಿನಿಂದ 212 ಎಂಬಿ ಹೊರಗೆ ಹೋಗಿರುವುದು ಕಾಣಿಸಿತು. ಒಳಗೆ ಬಂದಿದ್ದರೆ ಅಪ್‌ಡೇಟ್ ಎಂದುಕೊಂಡು ಸುಮ್ಮನಾಗುತ್ತಿದ್ದೆ. ಹೊರಗೆ ಹೋದದ್ದು ಏನು?

ಆಂಟಿವೈರಸ್ ಜೊತೆಗೇ ಬಂದ, ಯಾವ ತಂತ್ರಾಂಶ ಜಾಲಕ್ಕೆ ಹೋಗಬಹುದೆಂದು ನಿಯಂತ್ರಿಸುವ ಫೈರ್‌ವಾಲ್‌ನ ಪಟ್ಟಿಯಲ್ಲಿ ಬ್ರೌಸರ್, ಟ್ಯಾಲಿ, ಪ್ರಿಂಟರಿನ ತಂತ್ರಾಂಶ ಎಲ್ಲದರ ಹೆಸರೂ ಇದೆ. ಆಂಟಿವೈರಸ್‌ನ ಹೆಸರು ಮಾತ್ರ ಇಲ್ಲ. ಅಡ್ಮಿನ್ ಆಗಿ ಅದರ ಸೇವೆಯನ್ನು ನಿಲ್ಲಿಸಲು ಹೋದರೆ ಪ್ರವೇಶ ನಿರಾಕರಿಸಲಾಗಿದೆ ಎಂಬ ಉತ್ತರ ಬರುತ್ತದೆ. ನಮ್ಮ ಕಂಪ್ಯೂಟರುಗಳಲ್ಲಿರುವುದು ಪರರ ಪ್ಯಾನ್ ಸಂಖ್ಯೆ, ಬ್ಯಾಂಕಿನ ವಿವರ, ಆಸ್ತಿಪತ್ರ. ವೈರಸ್ ಪಟ್ಟಿ ಒಳಗೆ ಬರಲಿ, ನಾನು ಹೇಳದೆ ಏನೂ ಹೊರಗೆ ಹೋಗದಿರಲಿ ಎಂಬಷ್ಟೇ ನನ್ನ ಬೇಡಿಕೆ. ಇದು ಸಾಧ್ಯವೇ?

ಹಳೆ ಹಾರ್ಡ್‌ಡಿಸ್ಕ್
ಸಾಧ್ಯವಿಲ್ಲ ಎಂಬುದು ಚಿಕ್ಕ ಉತ್ತರ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಡಬ್ಬಿಯಲ್ಲಿಟ್ಟ ಸಿಡಿ ಕೊಂಡು, ಒಂದು ವರ್ಷದ ಕೀಲಿ ಸಂಖ್ಯೆಯನ್ನು ಕೆರೆದು ಓದಿ ಹಾಕುತ್ತಿದ್ದ ಕಾಲದಲ್ಲಿ ಆಂಟಿವೈರಸ್ ಪಟ್ಟಿ ತರಲು ಮಾತ್ರ ಹೊರಗೆ ಹೋಗುತ್ತಿತ್ತು. ಈಗ ಅದು ಹೋಗುವುದೇ ವರದಿ ಒಪ್ಪಿಸಲು. ಬರುವಾಗ ಪಟ್ಟಿಯನ್ನೂ ತರುತ್ತದೆ.

ಜಾಲಶೋಧಕ
ಮೊದಲು ಒಂದು ತಿದ್ದುಪಡಿ. ರೂಟರಿಗೆ ಕಾಣುವುದು ಯಾವ ಕಂಪ್ಯೂಟರ್ ಎಂಬುದೇ ಹೊರತು ಆ ಕಂಪ್ಯೂಟರಿನೊಳಗಿನ ಯಾವ ತಂತ್ರಾಂಶ ಎಂಬುದಲ್ಲ. 212 ಎಂಬಿಯನ್ನು ಆಂಟಿವೈರಸ್‌ನ ತಲೆಗೆ ಕಟ್ಟುವ ಮುನ್ನ ವಿಂಡೋಸ್‌ನಲ್ಲೇ ಇರುವ ರಿಸೋರ್ಸ್ ಮಾನಿಟರ್ ತೆರೆದು ನೆಟ್‌ವರ್ಕ್ ವಿಭಾಗದಲ್ಲಿ ಯಾವ ಪ್ರಕ್ರಿಯೆ ಎಷ್ಟು ಕಳುಹಿಸುತ್ತಿದೆ ಎಂದು ನೋಡಿರಿ. ಮೈಕ್ರೋಸಾಫ್ಟಿನ ಸಿಸ್‌ಇಂಟರ್ನಲ್ಸ್ ಕಟ್ಟಿನಲ್ಲಿ ಉಚಿತವಾಗಿ ಸಿಗುವ ಟಿಸಿಪಿವ್ಯೂ ಇನ್ನೂ ಸ್ಪಷ್ಟವಾಗಿ ತೋರಿಸುತ್ತದೆ.

ಇಷ್ಟಾದರೂ ನಿಮಗೆ ತಿಳಿಯುವುದು ಎಲ್ಲಿಗೆ ಹೋಯಿತು, ಎಷ್ಟು ಹೋಯಿತು ಎಂಬುದಷ್ಟೇ. ಜಾಲದಲ್ಲಿ ಹರಿಯುವುದನ್ನು ತೋರಿಸುವ ವೈರ್‌ಶಾರ್ಕ್ ಹಾಕಿ ಹಿಡಿದರೂ ಒಳಗಿರುವುದು ಗೂಢಲಿಪಿಯಲ್ಲಿರುತ್ತದೆ. ಇಲ್ಲೊಂದು ವಿಚಿತ್ರವನ್ನು ಗಮನಿಸಿರಿ: ಅನೇಕ ಆಂಟಿವೈರಸ್‌ಗಳು ನಮ್ಮ ಕಂಪ್ಯೂಟರಿನಲ್ಲಿ ತಾಣ ಅಸಲಿಯೆಂದು ಬ್ರೌಸರಿಗೆ ನಂಬಿಸುವ ತಮ್ಮದೇ ಮೂಲ ಪ್ರಮಾಣಪತ್ರವನ್ನು ನೆಟ್ಟು, ನಾವು ಎಚ್‌ಟಿಟಿಪಿಎಸ್ ಎಂಬ ಗೂಢಲಿಪಿಯ ದಾರಿಯಲ್ಲಿ ನೋಡುವ ಪುಟಗಳನ್ನು ನಡುವೆ ಬಿಚ್ಚಿ ಓದಿ ಮತ್ತೆ ಮುಚ್ಚಿ ಬ್ರೌಸರಿಗೆ ಕೊಡುತ್ತವೆ. ಅದೇ ಉಪಾಯದಿಂದ ಅವು ತಮ್ಮ ಸರ್ವರಿನೊಂದಿಗೆ ಆಡುವ ಮಾತನ್ನು ನಾವು ಓದಲು ಹೋದರೆ, ಪ್ರಮಾಣಪತ್ರ ಹೊಂದುತ್ತಿಲ್ಲವೆಂದು ಸಂಪರ್ಕವನ್ನೇ ಕಡಿದುಕೊಳ್ಳುವುದುಂಟು. ನಮ್ಮ ಕಾಗದ ಅವರಿಗೆ ತೆರೆದದ್ದು, ಅವರ ಕಾಗದ ನಮಗೆ ಮುಚ್ಚಿದ್ದು.

ಬೆಳದಿಂಗಳು
ನನ್ನ ಕಂಪ್ಯೂಟರಿನಲ್ಲಿ ಹಾಗೆ ಬಿಚ್ಚಿ ಓದುತ್ತಿದೆಯೇ ಎಂದು ತಿಳಿಯುವುದು ಹೇಗೆ?

ಜಾಲಶೋಧಕ
ಬ್ರೌಸರಿನ ವಿಳಾಸಪಟ್ಟಿಯ ಪಕ್ಕದ ಗುರುತನ್ನು ಒತ್ತಿ ಪ್ರಮಾಣಪತ್ರದ ವಿವರ ತೆರೆಯಿರಿ. ಅದನ್ನು ನೀಡಿದವರ ಹೆಸರಿನ ಜಾಗದಲ್ಲಿ ಡಿಜಿಸರ್ಟ್, ಲೆಟ್ಸ್ ಎನ್‌ಕ್ರಿಪ್ಟ್ ಮುಂತಾದ ಸಂಸ್ಥೆಯ ಬದಲು ನಿಮ್ಮ ಆಂಟಿವೈರಸ್ ಕಂಪನಿಯ ಹೆಸರಿದ್ದರೆ ಓದುತ್ತಿದೆ ಎಂದೇ ಅರ್ಥ. ಬ್ಯಾಂಕಿನ ತಾಣವೊಂದನ್ನೇ ನೋಡಿ ನಿರ್ಧರಿಸಬೇಡಿ. ಕೆಲವು ಆಂಟಿವೈರಸ್‌ಗಳು ಬ್ಯಾಂಕುಗಳನ್ನು ಬಿಟ್ಟು ಉಳಿದವನ್ನು ತೆರೆಯುತ್ತವೆ.

ಕರಾವಳಿ ಕಾವಲು
ಇಷ್ಟೊಂದು ಅನುಮಾನ ಏಕೆಂದು ನನಗೆ ಅರ್ಥವಾಗುತ್ತಿಲ್ಲ. ಹತ್ತು ವರ್ಷದಿಂದ ಕಂಪನಿಗಳ ಜಾಲಗಳನ್ನು ಕಾಯುವ ಕೆಲಸ ಮಾಡುತ್ತಿದ್ದೇನೆ. ಇಂದು ಬೆಳಿಗ್ಗೆ ಹುಟ್ಟಿದ ದುಷ್ಟ ತಂತ್ರಾಂಶದ ಗುರುತು ನಿನ್ನೆ ರಾತ್ರಿ ಇಳಿಸಿಕೊಂಡ ಪಟ್ಟಿಯಲ್ಲಿ ಇರುವುದಿಲ್ಲ. ಅನುಮಾನ ಬಂದ ಕಡತದ ಹ್ಯಾಶನ್ನು, ಅಂದರೆ ಕಡತದಿಂದ ಲೆಕ್ಕಹಾಕಿ ತೆಗೆದ ಬೆರಳಚ್ಚಿನಂಥ ಸಂಖ್ಯೆಯನ್ನು, ಕಂಪನಿಯ ಸರ್ವರುಗಳಿರುವ ಕ್ಲೌಡಿಗೆ ಕೇಳಿ, ಅಲ್ಲಿಯೂ ಗೊತ್ತಿಲ್ಲವೆಂದರೆ ಕಡತವನ್ನೇ ಕಳುಹಿಸಿ ಪರೀಕ್ಷಿಸುವುದರಿಂದಲೇ ಒಬ್ಬನಿಗೆ ತಗುಲಿದ್ದು ಮತ್ತೊಬ್ಬನಿಗೆ ತಗುಲುವುದು ತಪ್ಪುತ್ತದೆ. ನಿಮ್ಮ ಕಚೇರಿಯ ಕಡತಗಳನ್ನೆಲ್ಲ ಒತ್ತೆಹಣ ಕೇಳುವ ರಾನ್ಸಮ್‌ವೇರ್ ಬಂದು ಬೀಗ ಹಾಕಿದ ದಿನ ನೀವು ಇದೇ ವೇದಿಕೆಗೆ ಬಂದು ಬೇರೆ ಪ್ರಶ್ನೆ ಕೇಳುತ್ತೀರಿ.

ತುಂಗಾತೀರ
ಅನುಮಾನಕ್ಕೆ ಕಾರಣವಿದೆ, ಸ್ವಾಮಿ. ಅವಾಸ್ಟ್ ಎಂಬ ಆಂಟಿವೈರಸ್ ಕಂಪನಿಯ ಪ್ರಕರಣವನ್ನು ಮರೆತಿರಾ? 2020ರ ಜನವರಿಯಲ್ಲಿ ಮದರ್‌ಬೋರ್ಡ್ ಮತ್ತು ಪಿಸಿಮ್ಯಾಗ್ ಪತ್ರಿಕೆಗಳು ಒಟ್ಟಾಗಿ ಹೊರಗೆಡಹಿದ ಸಂಗತಿ ಏನೆಂದರೆ, ಬಳಕೆದಾರರು ನೋಡಿದ ಪುಟಗಳ ವಿಳಾಸಗಳನ್ನು ಆ ಕಂಪನಿ ಜಂಪ್‌ಶಾಟ್ ಎಂಬ ತನ್ನದೇ ಅಂಗಸಂಸ್ಥೆಯ ಮೂಲಕ ಮಾರುತ್ತಿತ್ತು. ಸುದ್ದಿ ಬಂದ ಕೆಲವೇ ದಿನಗಳಲ್ಲಿ ಜಂಪ್‌ಶಾಟ್ ಅನ್ನು ಮುಚ್ಚಿದರು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ತೆರುವಂತೆ ಮಾಡಿ, ಜಾಹೀರಾತಿಗಾಗಿ ಇಂಥ ಮಾಹಿತಿ ಮಾರುವುದನ್ನು ನಿಷೇಧಿಸಿತು. ಜಂಪ್‌ಶಾಟ್ ಬಳಿ 2014ರಿಂದ ಕೂಡಿಬಿದ್ದ 8 ಪೆಟಾಬೈಟಿಗೂ ಹೆಚ್ಚು ಮಾಹಿತಿ ಇತ್ತೆಂದು ಆ ಆಯೋಗ ಹೇಳಿತು. ಅದೇ ವರ್ಷ ಜೆಕ್ ದೇಶದ ಮಾಹಿತಿ ರಕ್ಷಣಾ ಪ್ರಾಧಿಕಾರ 35.1 ಕೋಟಿ ಕೊರುನಾ ದಂಡ ಹಾಕಿತು.

ಹೆಸರು ತೆಗೆದು ಕೊಟ್ಟಿದ್ದೇವೆ ಎಂಬುದು ಕಂಪನಿಯ ಸಮಾಧಾನವಾಗಿತ್ತು. ಆದರೆ ಪ್ರತಿ ಸಾಲಿನಲ್ಲೂ ಉಪಕರಣದ ಗುರುತು ಮತ್ತು ಕ್ಷಣದ ಭಾಗದವರೆಗಿನ ಸಮಯ ಇತ್ತು. ಇಂತಿಷ್ಟು ಗಂಟೆ ಇಂತಿಷ್ಟು ನಿಮಿಷಕ್ಕೆ ತನ್ನ ಅಂಗಡಿಯಲ್ಲಿ ಒಂದು ವಸ್ತು ಕೊಂಡವರು ಯಾರೆಂದು ಆನ್‌ಲೈನ್ ಅಂಗಡಿಗೆ ಗೊತ್ತಿರುತ್ತದೆ. ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟರೆ ಹೆಸರು ತಾನಾಗಿ ಮರಳಿ ಬರುತ್ತದೆ.

ಪ್ರಶ್ನೆಪತ್ರಿಕೆ
ರಷ್ಯಾದ ಆಂಟಿವೈರಸ್ ಕ್ಯಾಸ್ಪರ್‌ಸ್ಕಿಯನ್ನು ಅಮೆರಿಕದಲ್ಲಿ ನಿಷೇಧಿಸಿದ್ದೂ ಮಾಹಿತಿ ಮಾರಿದ್ದಕ್ಕೇ ಅಲ್ಲವೇ?

ತುಂಗಾತೀರ
ಅಲ್ಲ, ಎರಡನ್ನೂ ಬೆರೆಸಬೇಡಿ. ಅದು ರಷ್ಯಾ ಸರ್ಕಾರ ಆ ಕಂಪನಿಯ ಮೇಲೆ ಒತ್ತಡ ಹಾಕಬಹುದೆಂಬ ರಾಷ್ಟ್ರೀಯ ಭದ್ರತೆಯ ವಾದ. 2024ರ ಜೂನ್‌ನಲ್ಲಿ ಆದೇಶ ಬಂತು, ಸೆಪ್ಟೆಂಬರ್ 29ರ ನಂತರ ಅಪ್‌ಡೇಟ್ ಕೊಡುವಂತಿರಲಿಲ್ಲ. ನಮ್ಮ ಚರ್ಚೆಗೆ ಹತ್ತಿರವಾದದ್ದು ಆ ಆದೇಶದ ಬಳಿಕ ನಡೆದ ಸಂಗತಿ: ಆ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅನೇಕ ಬಳಕೆದಾರರು ಕಂಪ್ಯೂಟರ್ ತೆರೆದು ನೋಡಿದರೆ ಕ್ಯಾಸ್ಪರ್‌ಸ್ಕಿ ತನ್ನನ್ನು ತಾನೇ ಅಳಿಸಿಕೊಂಡು, ಅದರ ಜಾಗದಲ್ಲಿ ಅಲ್ಟ್ರಾಎವಿ ಎಂಬ ಬೇರೊಂದು ಆಂಟಿವೈರಸ್ ಬಂದು ಕುಳಿತಿತ್ತು. ಇಮೇಲ್ ಕಳುಹಿಸಿದ್ದೆವು ಎಂದು ಕಂಪನಿಯವರು ಹೇಳಿದರು; ಒಪ್ಪಿಗೆಯ ಗುಂಡಿಯನ್ನು ಒತ್ತಿದ ನೆನಪು ಮಾತ್ರ ಆ ಬಳಕೆದಾರರಿಗೆ ಇರಲಿಲ್ಲ. ಅಪ್‌ಡೇಟ್ ಬರುವ ಬಾಗಿಲಿಗೆ ಚಿಲಕವಿಲ್ಲದಿದ್ದರೆ ಅದರೊಳಗಿಂದ ಏನು ಬೇಕಾದರೂ ಬರಬಹುದು, ಏನು ಬೇಕಾದರೂ ಹೋಗಬಹುದು.

ಮ್ಯೂನಿಕ್ ಕನ್ನಡಿಗ
ಇದೇ ಕ್ಯಾಸ್ಪರ್‌ಸ್ಕಿಯ ಬಗ್ಗೆ ಇಲ್ಲಿನ ಜರ್ಮನ್ ಪತ್ರಿಕೆಯೊಂದು 2019ರ ಆಗಸ್ಟ್‌ನಲ್ಲಿ ಬರೆದದ್ದು ನೆನಪಾಗುತ್ತಿದೆ. ಅದು ಪ್ರತಿಯೊಂದು ವೆಬ್ ಪುಟಕ್ಕೂ ತನ್ನ ಸಣ್ಣ ಸ್ಕ್ರಿಪ್ಟನ್ನು ಸೇರಿಸುತ್ತಿತ್ತು. ಆ ಸ್ಕ್ರಿಪ್ಟಿನ ವಿಳಾಸದಲ್ಲಿ ಒಂದೊಂದು ಕಂಪ್ಯೂಟರಿಗೂ ಬೇರೆಬೇರೆಯಾದ ಗುರುತು ಸಂಖ್ಯೆ ಇತ್ತು. ಕುಕಿ ಅಳಿಸಿ, ಖಾಸಗಿ ಕಿಟಕಿ ತೆರೆದು, ಬ್ರೌಸರನ್ನೇ ಬದಲಿಸಿದರೂ ಪುಟ ನಡೆಸುವವರು ಬಯಸಿದರೆ ಆ ಸಂಖ್ಯೆಯಿಂದ ನಿಮ್ಮನ್ನು ಗುರುತಿಸಬಹುದಾಗಿತ್ತು. ಪತ್ರಿಕೆ ಕಂಪನಿಗೆ ತಿಳಿಸಿದ ಮೇಲೆ ಅದನ್ನು ಸರಿಪಡಿಸಿದರು. ಕಂಪನಿಗೆ ಕೇಡು ಬಗೆಯುವ ಉದ್ದೇಶ ಇತ್ತೆಂದು ನಾನು ಹೇಳುತ್ತಿಲ್ಲ. ಆದರೆ ಹಣ ಕೊಟ್ಟ ಬಳಕೆದಾರರಿಗೆ ವರ್ಷಗಟ್ಟಲೆ ತಿಳಿಯದ್ದು ಪುಟದ ಮೂಲ ಸಾಲುಗಳನ್ನು ತೆರೆದು ಓದಿದ ಒಬ್ಬ ಪತ್ರಕರ್ತನಿಗೆ ತಿಳಿಯಿತು ಎಂಬುದನ್ನು ಗಮನಿಸಬೇಕು.

ಕರಾವಳಿ ಕಾವಲು
ಒಪ್ಪುತ್ತೇನೆ, ತಪ್ಪುಗಳು ನಡೆದಿವೆ. ಆದರೆ ಅದಕ್ಕೆ ಔಷಧ ಸಂಪರ್ಕವನ್ನೇ ಕಡಿಯುವುದಲ್ಲ. ವಿಳಾಸವನ್ನು ಕಳುಹಿಸದೆ ಅದು ಅಪಾಯಕಾರಿಯೇ ಎಂದು ತಿಳಿಯುವುದಾದರೂ ಹೇಗೆ?

ಜಾಲಶೋಧಕ
ಹೇಗೆಂದರೆ ಅಪಾಯಕಾರಿ ತಾಣಗಳ ಬಗ್ಗೆ ಎಚ್ಚರಿಸುವ ಗೂಗಲ್ ಸೇಫ್ ಬ್ರೌಸಿಂಗ್ ಬಹುಕಾಲ ಮಾಡಿದ ಹಾಗೆ. ನೀವು ತೆರೆಯುವ ವಿಳಾಸದ ಹ್ಯಾಶ್ ತೆಗೆದು ಅದರ ಮೊದಲ ನಾಲ್ಕು ಬೈಟುಗಳನ್ನು ಕಂಪ್ಯೂಟರಿನಲ್ಲೇ ಇರುವ ಪಟ್ಟಿಯೊಂದಿಗೆ ಹೋಲಿಸುತ್ತಾರೆ. ಹೊಂದದಿದ್ದರೆ ಏನೂ ಹೊರಗೆ ಹೋಗುವುದಿಲ್ಲ. ಹೊಂದಿದರೆ ಆ ನಾಲ್ಕು ಬೈಟುಗಳನ್ನು ಮಾತ್ರ ಕಳುಹಿಸಿ, ಅವುಗಳಿಂದ ಆರಂಭವಾಗುವ ಪೂರ್ಣ ಹ್ಯಾಶ್‌ಗಳನ್ನು ತರಿಸಿಕೊಂಡು, ತೀರ್ಮಾನವನ್ನು ಇಲ್ಲೇ ಮಾಡುತ್ತಾರೆ. ಕ್ರೋಮ್ 2024ರಲ್ಲಿ ಆ ಕ್ಷಣದಲ್ಲೇ ಕೇಳುವ ವಿಧಾನಕ್ಕೆ ಬಂದಾಗಲೂ ಪೂರ್ಣ ವಿಳಾಸ ಕಳುಹಿಸುವುದಕ್ಕೆ ಹೋಗದೆ, ಕೇಳುವವರ ಐಪಿ ವಿಳಾಸ ಗೂಗಲ್‌ಗೆ ಕಾಣದಂತೆ ಬೇರೊಂದು ಕಂಪನಿಯ ಸರ್ವರನ್ನು ನಡುವೆ ಇಟ್ಟರು. ಜಾಹೀರಾತಿನಿಂದಲೇ ಬದುಕುವ ಕಂಪನಿಗೆ ಇದು ಸಾಧ್ಯವಾದರೆ, ವರ್ಷಕ್ಕಿಷ್ಟೆಂದು ನಮ್ಮಿಂದ ಹಣ ಪಡೆಯುವವರಿಗೆ ಏಕೆ ಆಗುವುದಿಲ್ಲ?

ಹಳೆ ಹಾರ್ಡ್‌ಡಿಸ್ಕ್
ಇದರ ಜೊತೆಗೆ ಇನ್ನೊಂದು ಮಾತು. ಆಂಟಿವೈರಸ್ ಹೊರಗೆ ಹೋಗುವ ದಾರಿ ಪತ್ರಿಕೆಗಳಲ್ಲಿ ಬರುವಂಥ ಮಾರಾಟಕ್ಕೆ ಮಾತ್ರ ದಾರಿಯಲ್ಲ, ಕಳ್ಳರಿಗೂ ದಾರಿ. ಮುಂಬೈನ ಈಸ್ಕ್ಯಾನ್ ಆಂಟಿವೈರಸ್ ತನ್ನ ಅಪ್‌ಡೇಟನ್ನು ಗೂಢಲಿಪಿಯಿಲ್ಲದ ಬರಿಯ ಎಚ್‌ಟಿಟಿಪಿಯಲ್ಲಿ ಇಳಿಸುತ್ತಿತ್ತು. ಗುಪ್ಟಿಮೈನರ್ ಎಂಬ ದುಷ್ಟ ತಂತ್ರಾಂಶದ ಹಿಂದಿನ ತಂಡದವರು ನಡುದಾರಿಯಲ್ಲಿ ನಿಂತು ಆ ಅಪ್‌ಡೇಟ್ ಪೊಟ್ಟಣವನ್ನೇ ಬದಲಿಸಿ ತಮ್ಮ ತಂತ್ರಾಂಶವನ್ನು ಒಳಗೆ ಕಳುಹಿಸಿದರು. ಕಂಪನಿಯವರು 2023ರ ಜುಲೈ ಕೊನೆಯ ಹೊತ್ತಿಗೆ ಸರಿಪಡಿಸಿದರು. 2024ರ ಏಪ್ರಿಲ್‌ನಲ್ಲಿ ಈ ಕಥೆಯನ್ನು ವಿವರವಾಗಿ ಪ್ರಕಟಿಸಿದವರು ಯಾರು ಗೊತ್ತೇ? ಅವಾಸ್ಟ್‌ನ ಸಂಶೋಧಕರು.

ಬೆಳದಿಂಗಳು
ಹಾಗಾದರೆ ಅವಾಸ್ಟ್ ಒಳ್ಳೆಯದೋ ಕೆಟ್ಟದ್ದೋ?

ಹಳೆ ಹಾರ್ಡ್‌ಡಿಸ್ಕ್
ಅಮ್ಮಾ, ಪತ್ತೆ ಹಚ್ಚುವವರು ಒಂದು ಕೋಣೆಯಲ್ಲಿ ಕುಳಿತಿರುತ್ತಾರೆ, ಮಾರುವವರು ಇನ್ನೊಂದು ಕೋಣೆಯಲ್ಲಿ.

ಮ್ಯಾಕ್ ಬಳಸುವವ
ಇದು ವಿಂಡೋಸಿನ ರೋಗವೆಂದು ನಗುತ್ತಿದ್ದವರಲ್ಲಿ ನಾನೂ ಒಬ್ಬ. 2020ರ ಕೊನೆಯಲ್ಲಿ ಬಂದ ಮ್ಯಾಕ್‌ಓಎಸ್ ಬಿಗ್ ಸರ್‌ನಲ್ಲಿ ಆಪಲ್ ತನ್ನದೇ ಐವತ್ತಕ್ಕೂ ಹೆಚ್ಚು ತಂತ್ರಾಂಶಗಳನ್ನು ಒಂದು ಪಟ್ಟಿಗೆ ಸೇರಿಸಿ, ಲಿಟಲ್ ಸ್ನಿಚ್‌ನಂಥ ಫೈರ್‌ವಾಲ್‌ಗಳ ಕಣ್ಣಿಗೆ ಬೀಳದಂತೆ ಮಾಡಿತ್ತು. ಗಲಾಟೆಯಾದ ಮೇಲೆ 11.2ರ ಹೊತ್ತಿಗೆ ಆ ಪಟ್ಟಿಯನ್ನು ತೆಗೆದರು. ಕಡತಗಾರರ ಫೈರ್‌ವಾಲ್‌ನಲ್ಲಿ ಆಂಟಿವೈರಸ್‌ನ ಹೆಸರು ಕಾಣದಿರುವುದೂ ಇದೇ ಜಾತಿಯದು. ಕಾಯುವವನೂ ಅವನೇ, ಹಾಜರಿ ಬರೆಯುವವನೂ ಅವನೇ ಆದರೆ ತನ್ನ ಹೆಸರಿನ ಮುಂದೆ ಏನು ಬರೆದುಕೊಳ್ಳುತ್ತಾನೆ? ಹಾಗಾಗಿ ತಡೆಯುವುದಾದರೆ ಕಂಪ್ಯೂಟರಿನ ಹೊರಗೆ, ರೂಟರಿನಲ್ಲಿ ಅಥವಾ ಇಡೀ ಜಾಲಕ್ಕೆ ಬೇಡದ ತಾಣಗಳನ್ನು ತಡೆಯುವ ಪೈ-ಹೋಲ್‌ನಲ್ಲಿ ತಡೆಯಬೇಕು.

ಜಾಲಶೋಧಕ
ಪೈ-ಹೋಲ್ ತಡೆಯುವುದು ತಾಣದ ಹೆಸರನ್ನು. ಪಟ್ಟಿ ಇಳಿಸುವುದಕ್ಕೂ ವರದಿ ಕಳುಹಿಸುವುದಕ್ಕೂ ಒಂದೇ ವಿಳಾಸ ಬಳಸಿದರೆ ಒಂದನ್ನು ತಡೆದಾಗ ಇನ್ನೊಂದೂ ನಿಲ್ಲುತ್ತದೆ. ಕೆಲವು ಕಂಪನಿಗಳು ಕಡತದ ಬಗೆಗಿನ ಪ್ರಶ್ನೆಯನ್ನೇ ಡಿಎನ್‌ಎಸ್ ವಿಚಾರಣೆಯ, ಅಂದರೆ ತಾಣದ ಹೆಸರಿಗೆ ಐಪಿ ವಿಳಾಸ ಕೇಳುವ, ರೂಪದಲ್ಲಿ ಕೇಳಿದ್ದೂ ಉಂಟು. ಸೋಫೋಸ್, ಮೆಕಾಫೀ ಎರಡೂ ಹೀಗೆ ಮಾಡಿವೆ. ಪೈ-ಹೋಲ್‌ನ ದಾಖಲೆಯಲ್ಲಿ ತಲೆಬುಡವಿಲ್ಲದ ಉದ್ದನೆಯ ಹೆಸರುಗಳು ಸಾಲಾಗಿ ಕಂಡರೆ ಅದು ವೈರಸ್ಸೇ ಆಗಬೇಕಿಲ್ಲ, ವೈರಸ್ ಹುಡುಕುವವನೂ ಆಗಿರಬಹುದು.

ಕಡತಗಾರ
ಎಲ್ಲರಿಗೂ ಧನ್ಯವಾದಗಳು. ಜಾಲಶೋಧಕರು ಹೇಳಿದಂತೆ ನಿನ್ನೆ ರಾತ್ರಿ ಕಚೇರಿಯಲ್ಲೇ ಕುಳಿತು ಟಿಸಿಪಿವ್ಯೂ ತೆರೆದು ನೋಡಿದೆ. ನನ್ನಿಂದ ಅರ್ಧ ತಪ್ಪಾಗಿದೆ ಎಂದು ಒಪ್ಪಿಕೊಳ್ಳಬೇಕು. ರಾತ್ರಿ ಹೊರಗೆ ಹೋಗುತ್ತಿದ್ದುದರಲ್ಲಿ ದೊಡ್ಡ ಪಾಲು ನಾವೇ ಎರಡು ವರ್ಷದ ಹಿಂದೆ ಹೊಂದಿಸಿ ಮರೆತಿದ್ದ ಬ್ಯಾಕಪ್ಪಿನದು. ಆಂಟಿವೈರಸ್‌ನ ಪ್ರಕ್ರಿಯೆ ಕಳುಹಿಸಿದ್ದು ಮೂರು ಗಂಟೆಯಲ್ಲಿ 9 ಎಂಬಿ.

ಇನ್ನರ್ಧ ಕೇಳಿರಿ. ಆಂಟಿವೈರಸ್‌ನ ಒಳಗೆ ನಾಲ್ಕು ಪುಟ ದಾಟಿದ ಮೇಲೆ ಘಟನೆಗಳ ದಾಖಲೆ ಸಿಕ್ಕಿತು. ಅದರಲ್ಲಿ ಹನ್ನೊಂದು ದಿನದ ಹಿಂದೆ, ಮಧ್ಯಾಹ್ನ 3.12ಕ್ಕೆ, ಒಂದು ಎಕ್ಸೆಲ್ ಕಡತದ ಪೂರ್ಣ ಹೆಸರು, ಅದರ ಮುಂದೆ 'ವಿಶ್ಲೇಷಣೆಗೆ ಮಾದರಿ ಕಳುಹಿಸಲಾಗಿದೆ' ಎಂಬ ಅರ್ಥದ ಒಂದು ಸಾಲು. ಅದು ನಮ್ಮ ಗ್ರಾಹಕರೊಬ್ಬರ ಜಿಎಸ್‌ಟಿ ಲೆಕ್ಕದ ಹಾಳೆ. ಕೂಡಿಸಿ ಕಳೆಯಲು ನಾನೇ ಅದರಲ್ಲಿ ಮ್ಯಾಕ್ರೋ ಎಂಬ ಸಣ್ಣ ಆದೇಶಸರಣಿ ಬರೆದಿದ್ದೆ. ಮ್ಯಾಕ್ರೋ ಕಂಡು ಅನುಮಾನಪಟ್ಟು ಹಾಳೆಯನ್ನೇ ಹೊತ್ತುಕೊಂಡು ಹೋಗಿದೆ. ಕೇಳಲಿಲ್ಲ, ಕಳುಹಿಸಿದ ಮೇಲೆ ಹೇಳಲೂ ಇಲ್ಲ. 212 ಎಂಬಿಯನ್ನು ಹುಡುಕಿಕೊಂಡು ಹೊರಟ ನನಗೆ 84 ಕೆಬಿಯ ಒಂದು ಕಡತ ನಿದ್ದೆಗೆಡಿಸಿದೆ.

ಕರಾವಳಿ ಕಾವಲು
ಇದು ಸರಿಯಲ್ಲ, ನನ್ನ ವಾದದ ಈ ಭಾಗವನ್ನು ಹಿಂತೆಗೆದುಕೊಳ್ಳುತ್ತೇನೆ. ಎಕ್ಸಿಕ್ಯೂಟಬಲ್ ಕಡತ, ಅಂದರೆ ತಂತ್ರಾಂಶ, ಕಳುಹಿಸುವುದು ಬೇರೆ, ದಾಖಲೆ ಕಳುಹಿಸುವುದು ಬೇರೆ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್‌ನಲ್ಲಿ ಈ ವ್ಯತ್ಯಾಸವನ್ನು ಇಟ್ಟುಕೊಂಡಿದ್ದಾರೆ: ವೈಯಕ್ತಿಕ ಮಾಹಿತಿ ಇರಲಾರದಂಥ ಕಡತಗಳನ್ನು ತಾನಾಗಿ ಕಳುಹಿಸುತ್ತದೆ, ಇರಬಹುದೆನಿಸಿದರೆ ಕೇಳುತ್ತದೆ. ಕ್ಲೌಡ್ ರಕ್ಷಣೆಗೆ ಒಂದು ಗುಂಡಿ, ಮಾದರಿ ಕಳುಹಿಸುವುದಕ್ಕೆ ಇನ್ನೊಂದು ಗುಂಡಿ ಇದೆ. ಎರಡನ್ನೂ ನಿಲ್ಲಿಸಿದರೂ ವೈರಸ್ ಪಟ್ಟಿ ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತಲೇ ಇರುತ್ತದೆ. ಹಳದಿ ಎಚ್ಚರಿಕೆಯ ಗುರುತು ಮಾತ್ರ ಮೂಲೆಯಲ್ಲಿ ಕಾಡುತ್ತಿರುತ್ತದೆ. ನಿಮಗೆ ನನ್ನ ಸಲಹೆ ಎಂದರೆ ಮಾದರಿಯದ್ದನ್ನು ನಿಲ್ಲಿಸಿ, ಹ್ಯಾಶ್ ಕೇಳುವುದನ್ನು ಉಳಿಸಿಕೊಳ್ಳಿರಿ.

ತುಂಗಾತೀರ
ಡಿಫೆಂಡರ್‌ನ ಆ ಕ್ಲೌಡ್ ಸೇವೆಗೆ ಮೊದಲಿದ್ದ ಹೆಸರು ಸ್ಪೈನೆಟ್. ಆಮೇಲೆ ಹೆಸರು ಬದಲಿಸಿದರು, ಆದರೆ ವಿಂಡೋಸ್ ತನ್ನ ಹೊಂದಿಕೆಗಳನ್ನು ಬರೆದಿಡುವ ರಿಜಿಸ್ಟ್ರಿಯಲ್ಲಿ ಆ ಕೀಲಿಯ ಹೆಸರು ಇಂದಿಗೂ ಸ್ಪೈನೆಟ್ ಎಂದೇ ಇದೆ. ಬೇಕಿದ್ದರೆ ತೆರೆದು ನೋಡಿರಿ.

ಪ್ರಶ್ನೆಪತ್ರಿಕೆ
ಕ್ಲ್ಯಾಮ್‌ಎವಿ ಎಂಬ ಆಂಟಿವೈರಸ್ ಬಳಸಿರಿ. ಮೂಲ ಸಂಕೇತವೇ ತೆರೆದಿದೆ, ಏನನ್ನೂ ಕಳುಹಿಸುವುದಿಲ್ಲ.

ಜಾಲಶೋಧಕ
ಬಹುಮಟ್ಟಿಗೆ ನಿಜ, ಪೂರ್ತಿ ನಿಜವಲ್ಲ. ಕ್ಲ್ಯಾಮ್‌ಎವಿಯ ಪಟ್ಟಿ ಇಳಿಸುವ ಫ್ರೆಶ್‌ಕ್ಲ್ಯಾಮ್ ತನ್ನ ಆವೃತ್ತಿಯನ್ನೂ ಒಂದು ಗುರುತು ಸಂಖ್ಯೆಯನ್ನೂ ಪ್ರತಿ ಬಾರಿ ಹೇಳಿಕೊಳ್ಳುತ್ತದೆ. ಆದರೆ ಕಡತಗಾರರು ಮೊದಲ ಪತ್ರದಲ್ಲಿ ಕೇಳಿದ ಏರ್ಪಾಡು ಇದರಲ್ಲಿ ಇದೆ: ಕಚೇರಿಯ ಒಂದೇ ಕಂಪ್ಯೂಟರ್ ಪಟ್ಟಿಯನ್ನು ತಂದಿಟ್ಟುಕೊಂಡರೆ, ಉಳಿದವು ಅದರಿಂದ ತೆಗೆದುಕೊಳ್ಳುವಂತೆ ಖಾಸಗಿ ಮಿರರ್ ಹೊಂದಿಸಬಹುದು. ಆಗ ಐದು ಕಂಪ್ಯೂಟರುಗಳ ಆಂಟಿವೈರಸ್ ಹೊರಗಿನ ಮುಖವನ್ನೇ ನೋಡುವುದಿಲ್ಲ. ಕೊರತೆಯನ್ನೂ ಹೇಳಿಬಿಡುತ್ತೇನೆ: ವಿಂಡೋಸಿನಲ್ಲಿ ಅದು ಕಡತ ತೆರೆಯುವ ಗಳಿಗೆಯಲ್ಲಿ ತಡೆಯುವುದಿಲ್ಲ, ನೀವು ಹುಡುಕು ಎಂದಾಗ ಮಾತ್ರ ಹುಡುಕುತ್ತದೆ.

ಕಾನೂನಿನ ಕಡೆಯಿಂದ
ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದ ಪ್ರಕರಣದ ಅರ್ಜಿದಾರರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ತೀರ್ಪಿನ ಹಿನ್ನೆಲೆಯಲ್ಲಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಈ ಚರ್ಚೆಗೆ ಬೇಕಾದ ಎರಡು ಅಂಶಗಳಿವೆ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯುವಂತಿರಬೇಕು. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ, ಅಂದರೆ ಕನ್ನಡದಲ್ಲಿಯೂ, ಓದುವ ಆಯ್ಕೆ ಕೊಡಬೇಕು. ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ನಾಲ್ಕು ಪುಟ ದಾಟಿ ಸಿಗುವ ಗುಂಡಿ ಸುಲಭವೇ ಎಂಬ ಪ್ರಶ್ನೆ ಆಗ ಚೆನ್ನಾಗಿ ಏಳುತ್ತದೆ.

ಕಡತಗಾರರೇ, ಒಂದು ಅಹಿತಕರ ಮಾತು. ಆ ಹಾಳೆಯಲ್ಲಿರುವ ಹೆಸರುಗಳ ಮಟ್ಟಿಗೆ ಮಾಹಿತಿಯನ್ನು ಇಟ್ಟುಕೊಂಡವರು ನೀವು, ಆಂಟಿವೈರಸ್ ಕಂಪನಿಯಲ್ಲ. ಗ್ರಾಹಕರಿಗೆ ನೀವೇ ಹೇಳುವುದು ಒಳ್ಳೆಯದು.

ಹಳೆ ಹಾರ್ಡ್‌ಡಿಸ್ಕ್
ಹಾಗೆಯೇ, ಅನುಮಾನ ಬಂದ ಕಡತವನ್ನು ಹಲವು ಆಂಟಿವೈರಸ್‌ಗಳಿಂದ ಒಮ್ಮೆಗೇ ಪರೀಕ್ಷಿಸುವ ವೈರಸ್‌ಟೋಟಲ್ ತಾಣಕ್ಕೆ ಹಾಕಿ ನೋಡುವ ಅಭ್ಯಾಸ ನಿಮ್ಮ ಕಚೇರಿಯಲ್ಲಿ ಯಾರಿಗಾದರೂ ಇದ್ದರೆ ಇಂದೇ ಬಿಡಿಸಿರಿ. ಅಲ್ಲಿ ಹಾಕಿದ ಕಡತವನ್ನು ಹಣ ಕೊಟ್ಟ ಚಂದಾದಾರರು ಇಳಿಸಿಕೊಳ್ಳಬಹುದು. ಹ್ಯಾಶ್ ಹಾಕಿ ಹುಡುಕಿದರೆ ಕಡತ ಹೋಗುವುದಿಲ್ಲ.

ಕಡತಗಾರ
ಗ್ರಾಹಕರಿಗೆ ಇಂದು ಬೆಳಿಗ್ಗೆ ಫೋನ್ ಮಾಡಿ ಹೇಳಿದೆ. ಅಡಿಕೆ ವ್ಯಾಪಾರಿ, ಅರವತ್ತು ದಾಟಿದವರು. ಬೈಯುತ್ತಾರೆಂದುಕೊಂಡಿದ್ದೆ, ಬೈಯಲಿಲ್ಲ. "ಅದನ್ನು ವಾಪಸ್ ಕೊಡಿ ಎಂದು ಕೇಳಲಿಕ್ಕೆ ಆಗುವುದಿಲ್ಲವಾ?" ಎಂದು ಕೇಳಿದರು. ಮಾದರಿ ಕಳುಹಿಸುವ ಟಿಕ್ ತೆಗೆದಿದ್ದೇನೆ, ಆರೂ ಕಂಪ್ಯೂಟರುಗಳಲ್ಲಿ ಒಂದೊಂದಾಗಿ. ಈಗ ಆ ಮಾದರಿಯನ್ನು ಅಳಿಸುವಂತೆ ಕಂಪನಿಗೆ ಪತ್ರ ಬರೆಯಲು ಕುಳಿತಿದ್ದೇನೆ. ಕಡತದ ಹೆಸರು, ದಿನ, ಸಮಯ ಬರೆದರೆ ಸಾಕೇ?

ಜಾಲಶೋಧಕ
ಕಡತದ ಹೆಸರನ್ನು ಬರೆಯಬೇಡಿ. ಅದರಲ್ಲಿ ಗ್ರಾಹಕರ ಅಂಗಡಿಯ ಹೆಸರಿದ್ದರೆ ಈ ಬಾರಿ ಅದನ್ನು ಕಳುಹಿಸಿದವರು ನೀವೇ ಆಗುತ್ತೀರಿ. ನಿಮ್ಮ ಬಳಿ ಉಳಿದಿರುವ ಪ್ರತಿಯನ್ನು ಆ ದಿನದ ನಂತರ ಯಾರೂ ತೆರೆದು ಉಳಿಸಿರದಿದ್ದರೆ, ವಿಂಡೋಸಿನ ಆದೇಶಕಿಟಕಿಯಾದ ಪವರ್‌ಶೆಲ್‌ನಲ್ಲಿ ಅದರ ಎಸ್‌ಎಚ್‌ಎ-256 ಹ್ಯಾಶ್ ತೆಗೆದು ಅದನ್ನಷ್ಟೇ ಬರೆಯಿರಿ. ಉಳಿಸಿದ್ದರೆ ಹ್ಯಾಶ್ ಬದಲಾಗಿರುತ್ತದೆ. ಆಗ ನಿಮ್ಮ ಆ ರಾತ್ರಿಯ ಬ್ಯಾಕಪ್ಪಿನಿಂದ ಹಳೆಯ ಪ್ರತಿಯನ್ನು ತೆಗೆದುಕೊಳ್ಳಿರಿ.